ಒತ್ತಿದ್ದು ಈಗ, ಬಿದ್ದದ್ದು ಆಮೇಲೆ: ಕ್ಯಾಮೆರಾದ ಶಟರ್ ತಡವಾದರೆ ಎಲ್ಲಿ ಹುಡುಕಬೇಕು

ಯಕ್ಷಗಾನದ ವೇಷಧಾರಿ ದಿಗಿಣ ಹಾರಿದ ಹೊತ್ತಿಗೇ ಬಟನ್ ಒತ್ತಿರುತ್ತೀರಿ. ಚಿತ್ರ ನೋಡಿದರೆ ಅವರು ಆಗಲೇ ನೆಲಕ್ಕೆ ಕಾಲೂರಿ ಬೆನ್ನು ತಿರುಗಿಸಿಯಾಗಿದೆ. ಮದುವೆಯಲ್ಲಿ ಧಾರೆಯ ನೀರು ಬೀಳುವಾಗ ಒತ್ತಿದ್ದು, ಸಿಕ್ಕಿದ್ದು ಬರಿದಾದ ಗಿಂಡಿ. ಕಾಸರಗೋಡು, ಕುಂಬಳೆ, ಮಂಜೇಶ್ವರ ಸುತ್ತಮುತ್ತ ಆಟ (ಯಕ್ಷಗಾನ), ಕೋಲ, ಕಂಬಳ, ಮದುವೆ ಅಂತ ಕ್ಯಾಮೆರಾ ಹೆಗಲಿಗೇರಿಸಿ ತಿರುಗುವವರಲ್ಲಿ ಈ ದೂರು ಹೇಳದವರು ಕಡಿಮೆ. ದೂರಿನ ಬೆನ್ನಿಗೇ ತೀರ್ಮಾನವೂ ಬರುತ್ತದೆ: "ಇದು ಹಳತಾಯ್ತು, ಹೊಸತು ತೆಗೆಯಬೇಕು." ಹೆಚ್ಚಿನ ಸಲ ತೆಗೆಯಬೇಕಾಗಿಲ್ಲ.

ಶಟರ್ ತಡ ಎನ್ನುವುದು ಒಂದೇ ದೋಷವಲ್ಲ. ಬಟನ್ ಒತ್ತಿದಾಗ ಕ್ಯಾಮೆರಾ ನಿದ್ದೆಯಿಂದ ಏಳಬೇಕು, ಬೆಳಕು ಅಳೆಯಬೇಕು, ಫೋಕಸ್ ಹುಡುಕಬೇಕು, ಫ್ಲಾಶ್ ಇದ್ದರೆ ಅದನ್ನು ವಿಚಾರಿಸಬೇಕು, ಡಿಎಸ್ಎಲ್ಆರ್ ಆದರೆ ಕನ್ನಡಿ ಎತ್ತಬೇಕು, ಆಮೇಲೆ ಶಟರಿನ ಪರದೆ ತೆರೆಯಬೇಕು. ಇವುಗಳಲ್ಲಿ ಕೊನೆಯ ಎರಡು ಕೆಲಸಕ್ಕೆ ಸಾಧಾರಣ ಡಿಎಸ್ಎಲ್ಆರ್‌ಗೂ ಸೆಕೆಂಡಿನ ಹತ್ತನೇ ಒಂದು ಪಾಲು, ಅಥವಾ ಅದಕ್ಕಿಂತ ಕಡಿಮೆ ಸಾಕು. ಹಳೆಯ ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಎಲ್ಲವೂ ಸೇರಿ ಅರ್ಧ ಸೆಕೆಂಡು, ಕತ್ತಲಾದರೆ ಒಂದು ಸೆಕೆಂಡೂ ದಾಟುತ್ತದೆ. ಇದರಲ್ಲಿ ಯಾವ ತುಂಡು ಹೊತ್ತು ತಿನ್ನುತ್ತಿದೆ ಎಂದು ತಿಳಿಯದೆ ಮೆನುವಿನಲ್ಲಿ ಕಂಡದ್ದನ್ನೆಲ್ಲ ತಿರುವಿ ಹಾಕುವವರೇ ಜಾಸ್ತಿ. ಹಾಗೆ ಮಾಡಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ತಡ ಯಾವ ಹಂತದ್ದು?

ಬಟನ್ನನ್ನು ಒಂದೇ ಏಟಿಗೆ ಒತ್ತಬೇಡಿ. ಅರ್ಧ ಒತ್ತಿ ನಿಲ್ಲಿಸಿ, ಫೋಕಸ್ ಸಿಕ್ಕಿದ ಬೀಪ್ ಕೇಳಿದ ಮೇಲೆ ಪೂರ್ತಿ ಒತ್ತಿ. ಬೀಪ್ ಬರಲಿಕ್ಕೇ ಹೊತ್ತು ಹೋಯಿತೆಂದರೆ ಕಾರಣ ಫೋಕಸ್. ಬೀಪ್ ಬೇಗ ಬಂದು, ಪೂರ್ತಿ ಒತ್ತಿದ ಮೇಲೂ ಕ್ಲಿಕ್ ತಡವಾದರೆ ಟೈಮರ್, ಫ್ಲಾಶ್, ಕನ್ನಡಿಯ ಸೆಟ್ಟಿಂಗ್, ಇಲ್ಲವೇ ಬಟನ್ನಿನದ್ದೇ ಕಾಯಿಲೆ. ಮೊದಲ ಕ್ಲಿಕ್ ಸರಿಯಾಗಿ ಬಿದ್ದು ಎರಡನೆಯದೋ ಐದನೆಯದೋ ಸಿಕ್ಕಿಕೊಂಡರೆ ಕಾರ್ಡನ್ನೋ ಫ್ಲಾಶಿನ ಬ್ಯಾಟರಿಯನ್ನೋ ಅನುಮಾನಿಸಿ.

ನಾಲ್ಕನೆಯದೂ ಒಂದುಂಟು, ಅದು ತಡವೇ ಅಲ್ಲ. ಕ್ಲಿಕ್ ಎನ್ನುವ ಸದ್ದು ಎರಡು ತುಂಡಾಗಿ "ಕ್ಲಿ... ಕ್" ಎಂದು ಕೇಳಿಸುತ್ತದೆ, ಚಿತ್ರ ಅಲುಗಾಡಿರುತ್ತದೆ. ಬೆಳಕು ಸಾಲದೆ ಶಟರ್ ವೇಗ 1/8ಕ್ಕೋ 1/4ಕ್ಕೋ ಇಳಿದಿದೆ, ಅಷ್ಟೇ. ಐಎಸ್ಓ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಏರಿಸಿ ವೇಗವನ್ನು 1/250ಕ್ಕೆ ತಂದರೆ ದೂರು ಅಲ್ಲಿಗೇ ಮುಗಿಯುತ್ತದೆ.

ಎಷ್ಟು ತಡ ಅಂತ ಲೆಕ್ಕ ಹಾಕಿ

ಅಂದಾಜಿಗೆ ಮಾತಾಡುವುದಕ್ಕಿಂತ ಅಳೆಯುವುದು ಸುಲಭ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಮೇಜಿನ ಮೇಲೆ ನಿಲ್ಲಿಸಿ. ಕ್ಯಾಮೆರಾವನ್ನು ಮ್ಯಾನುವಲ್ ಫೋಕಸ್‌ಗೆ ಹಾಕಿ ಅಂಕಿ ಸ್ಪಷ್ಟವಾಗುವಂತೆ ಕೂರಿಸಿ, ಶಟರ್ ವೇಗ 1/60 ಇರಲಿ. ಅಂಕಿ 5.00 ಆಗುವಾಗ ಒತ್ತಿ. ಚಿತ್ರದಲ್ಲಿ 5.12 ಬಂದರೆ 0.12 ಸೆಕೆಂಡು. ಹೀಗೇ ಕೆಲವು ಸಲ ತೆಗೆದು ಸರಾಸರಿ ಬರೆದಿಟ್ಟುಕೊಳ್ಳಿ. ಆಮೇಲೆ ಆಟೋಫೋಕಸ್ ಹಾಕಿ ಅದೇ ಕೆಲಸ, ಆಮೇಲೆ ಫ್ಲಾಶ್ ಎಬ್ಬಿಸಿ ಅದೇ ಕೆಲಸ. ನಿಮ್ಮ ಬೆರಳಿನ ತಪ್ಪು ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಮೂರರ ನಡುವಿನ ವ್ಯತ್ಯಾಸವನ್ನು ನಂಬಬಹುದು. ಮ್ಯಾನುವಲ್‌ನಲ್ಲಿ 0.12, ಆಟೋಫೋಕಸ್‌ನಲ್ಲಿ 0.70 ಬಂದರೆ ಶಟರ್ ನಿರ್ದೋಷಿ.

ಬೆರಳಿನ ತಪ್ಪನ್ನೂ ತೆಗೆದು ನೋಡಬೇಕಾದರೆ ಸ್ಲೋ ಮೋಷನ್ ವಿಡಿಯೋ. ಈಗಿನ ಎಷ್ಟೋ ಮೊಬೈಲುಗಳಲ್ಲಿ ಸೆಕೆಂಡಿಗೆ 240 ಫ್ರೇಮ್ ಸಿಗುತ್ತದೆ. ಬಟನ್ನಿನ ಮೇಲಿರುವ ಬೆರಳೂ ಫ್ಲಾಶೂ ಒಟ್ಟಿಗೆ ಕಾಣುವಂತೆ ಇಡಿ, ಫ್ಲಾಶನ್ನು ಮ್ಯಾನುವಲ್ ಶಕ್ತಿಗೆ ಹಾಕಿ, ಫೋಕಸನ್ನೂ ಮ್ಯಾನುವಲ್ ಮಾಡಿ. ಬೆರಳು ತಳ ಮುಟ್ಟಿದ ಫ್ರೇಮಿನಿಂದ ಫ್ಲಾಶ್ ಬೆಳಗಿದ ಫ್ರೇಮಿನವರೆಗೆ ಎಣಿಸಿ. 24 ಫ್ರೇಮಿಗೆ 0.1 ಸೆಕೆಂಡು. ಈ ವಿಡಿಯೋ ಅಳಿಸಬೇಡಿ, ರಿಪೇರಿಯವರ ಹತ್ತಿರ ಇದಕ್ಕೆ ಕೆಲಸ ಉಂಟು.

ಅಳತೆ ಸಿಕ್ಕಿದ ಮೇಲೆ ನಿಮ್ಮ ಕಣ್ಣು, ಕೈಯ ಲೆಕ್ಕವೂ ಗೊತ್ತಿರಲಿ. ಕಂಡದ್ದಕ್ಕೆ ಬೆರಳು ಓಗೊಡಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ನೆಲದಿಂದ 40 ಸೆಂಟಿಮೀಟರ್ ಎತ್ತರಕ್ಕೆ ಹಾರಿದ ವೇಷ ತುದಿ ಮುಟ್ಟುವುದು ಸುಮಾರು 0.29 ಸೆಕೆಂಡಿಗೆ, ಮತ್ತೆ ನೆಲ ಮುಟ್ಟುವುದು 0.57ಕ್ಕೆ. ಕಾಲು ನೆಲ ಬಿಟ್ಟದ್ದನ್ನು ಕಂಡು ಒತ್ತಿದರೆ ನಿಮ್ಮ 0.2, ಕ್ಯಾಮೆರಾದ 0.1 ಸೇರಿ 0.3. ಅಂದರೆ ಸರಿಯಾಗಿ ತುದಿಯಲ್ಲಿ! ತುದಿಯಲ್ಲಿ ಮೇಲೆ ಕೆಳಗಿನ ಚಲನೆ ಬಹುತೇಕ ನಿಂತಿರುವುದರಿಂದ ಸ್ವಲ್ಪ ಆಚೀಚೆಯಾದರೂ ಅಡ್ಡಿಯಿಲ್ಲ. ಇದಕ್ಕೆ ಆಟೋಫೋಕಸ್ ಅರ್ಧ ಸೆಕೆಂಡು ಸೇರಿಸಿತೋ, ವೇಷ ಇಳಿದಾಗಿರುತ್ತದೆ. ಚೆಂಡೆಯ ನಡೆ ತಿಳಿದವರು ಹಾರುವ ಮೊದಲೇ ಒತ್ತುತ್ತಾರೆ. ಅಂಥವರ ಕೈಯಲ್ಲಿ ಹಳೇ ಕ್ಯಾಮೆರಾವೂ ಚುರುಕು.

ಮೊದಲು ಸಣ್ಣ ಅನುಮಾನಗಳು

ಪೆರ್ಲದ ಕಡೆಯ ಮಾಸ್ಟ್ರೊಬ್ಬರು ತಂದ ಡಿಎಸ್ಎಲ್ಆರ್‌ನ ಕತೆ ಇಲ್ಲಿಗೆ ಒಪ್ಪುತ್ತದೆ. "ಇದು ಒತ್ತಿದ ಮೇಲೆ ಆಲೋಚನೆ ಮಾಡಿ ತೆಗೆಯುವುದು ಮಾರಾಯ," ಎಂದರು. ಒತ್ತಿದರೆ ಕನ್ನಡಿ ಎದ್ದ ಸದ್ದು, ಆಮೇಲೆ ಮೌನ, ಒಂದು ಸೆಕೆಂಡು ಬಿಟ್ಟು ಶಟರ್. "ಮಾಸ್ಟ್ರೇ, ರಾತ್ರಿ ನಕ್ಷತ್ರ ತೆಗೆಯಲಿಕ್ಕೆ ಎಂತಾದರೂ ಸೆಟ್ಟಿಂಗ್ ಬದಲಿಸಿದ್ದುಂಟಾ?" ಎಂದು ಕೇಳಿದ್ದಕ್ಕೆ, "ನಾನಲ್ಲ, ಅಳಿಯ" ಎಂದರು. ನಿಕಾನ್‌ನ ಹಲವು ಮಾದರಿಗಳಲ್ಲಿ ಎಕ್ಸ್‌ಪೋಶರ್ ಡಿಲೇ ಮೋಡ್ ಎಂದೇ ಒಂದಿದೆ. ಕನ್ನಡಿಯ ಅದುರು ನಿಲ್ಲಲಿ ಎಂದು ಬೇಕೆಂದೇ ಕಾಯುವ ಏರ್ಪಾಡು ಅದು. ಕ್ಯಾನನ್‌ನಲ್ಲಿ ಇದರ ದಾಯಾದಿ ಮಿರರ್ ಲಾಕಪ್: ಮೊದಲ ಒತ್ತಿಗೆ ಕನ್ನಡಿ ಏಳುತ್ತದೆ, ಎರಡನೆಯದಕ್ಕೆ ಚಿತ್ರ. ಗೊತ್ತಿಲ್ಲದವರಿಗೆ ಎರಡೂ ಕೆಟ್ಟ ಕ್ಯಾಮೆರಾದಂತೆಯೇ ಕಾಣುತ್ತವೆ.

ಸೆಲ್ಫ್ ಟೈಮರ್ 2 ಸೆಕೆಂಡಿನಲ್ಲೇ ಉಳಿದಿರುವುದೂ ಇದೇ ಜಾತಿಯದು. ಕೆಲವು ಮಾದರಿಗಳು ಆಫ್ ಮಾಡಿ ಆನ್ ಮಾಡಿದರೂ ಅದನ್ನು ಮರೆಯುವುದಿಲ್ಲ. ಕಾಂಪ್ಯಾಕ್ಟ್‌ಗಳಲ್ಲಿ ನಗು ಕಂಡರೆ ಮಾತ್ರ ತೆಗೆಯುವ ಸ್ಮೈಲ್ ಮೋಡ್ ಇರುತ್ತದೆ, ಅದನ್ನು ತೆಗೆದುಹಾಕಿ. ತಾನಾಗಿ ಆಫ್ ಆಗುವ ಅವಧಿಯನ್ನು ಹೆಚ್ಚಿಸಿ. ಆಟದ ನಡುವೆ ಆಗಾಗ ಬಟನ್ನನ್ನು ಅರ್ಧ ಒತ್ತಿ ಕ್ಯಾಮೆರಾವನ್ನು ಎಚ್ಚರ ಇಟ್ಟಿರಿ. ಎಲ್ಲಿ ಏನು ಬದಲಾಗಿದೆ ಎಂದೇ ತಿಳಿಯದಿದ್ದರೆ ಇಡೀ ಸೆಟ್ಟಿಂಗ್ ರೀಸೆಟ್ ಮಾಡಿ. ಅಳಿಯಂದಿರಿರುವ ಮನೆಗೆ ಅದೇ ಕ್ಷೇಮ.

ಫೋಕಸ್: ಮುಕ್ಕಾಲು ಪಾಲು ತಡ ಇಲ್ಲಿಯದೇ

ಆಟೋಫೋಕಸ್‌ಗೆ ಬೆಳಕು ಬೇಕು, ಜೊತೆಗೆ ಕಪ್ಪು ಬಿಳುಪು ಕೂಡುವ ಗೆರೆ ಬೇಕು. ಬಿಳಿ ಪಂಚೆಯ ನಡುಭಾಗಕ್ಕೋ, ಖಾಲಿ ಗೋಡೆಗೋ, ಗರ್ಭಗುಡಿಯ ಕತ್ತಲಿಗೋ ಗುರಿಯಿಟ್ಟರೆ ಲೆನ್ಸ್ ಆ ತುದಿಯಿಂದ ಈ ತುದಿಗೆ ಅಲೆದು ಬರುತ್ತದೆ. ವೇಷದ ಕಿರೀಟದ ಅಂಚು, ಎದೆಕಟ್ಟಿನ ಅಂಚು, ಚುಟ್ಟಿಯ ಬಿಳಿ ಮುಖದ ಬಣ್ಣವನ್ನು ಮುಟ್ಟುವ ಗೆರೆ, ಇವುಗಳ ಮೇಲೆ ಫೋಕಸ್ ಬಿಂದು ಇಟ್ಟರೆ ಅದೇ ಲೆನ್ಸ್ ತಟ್ಟನೆ ಹಿಡಿಯುತ್ತದೆ. ಬಿಂದುವನ್ನು ಕ್ಯಾಮೆರಾವೇ ಆರಿಸುವ ಮೋಡ್ ಬಿಟ್ಟು ನಡುವಿನ ಒಂದೇ ಬಿಂದು ಇಟ್ಟುಕೊಳ್ಳಿ. ಡಿಎಸ್ಎಲ್ಆರ್‌ಗಳಲ್ಲಿ ಮಂದ ಬೆಳಕಿಗೆ ಸಾಮಾನ್ಯವಾಗಿ ಅದೇ ಎಲ್ಲಕ್ಕಿಂತ ಗಟ್ಟಿ. ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಇದ್ದರೆ ಕಳಚಿಡಿ, ಬೆಳಕಿನಲ್ಲಿ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಅದೇ ನುಂಗುತ್ತದೆ. ಟೆಲಿ ಲೆನ್ಸ್‌ನಲ್ಲಿ ದೂರ ಮಿತಿಗೊಳಿಸುವ ಸ್ವಿಚ್ ಇದ್ದರೆ ಬಳಸಿ. ರಂಗಸ್ಥಳ ಹತ್ತಾರು ಮೀಟರ್ ಆಚೆ ಇರುವಾಗ ಲೆನ್ಸ್ ಎರಡು ಮೀಟರಿನವರೆಗೂ ಹುಡುಕಿಕೊಂಡು ಬರುವ ಅಗತ್ಯವೇನು?

ಇನ್ನು ಮೋಡ್. ನಿಂತ ವಸ್ತುವಿಗೆಂದು ಇರುವ ಎಎಫ್-ಎಸ್ ಅಥವಾ ವನ್ ಶಾಟ್‌ನಲ್ಲಿ ಫೋಕಸ್ ಖಚಿತವಾಗುವವರೆಗೆ ಕ್ಯಾಮೆರಾ ಶಟರನ್ನು ಬಿಡುವುದೇ ಇಲ್ಲ. ಕುಣಿಯುವ ವೇಷಕ್ಕೆ ಇದನ್ನು ಹಾಕಿದರೆ ಬಟನ್ ಸತ್ತಂತೆ ಅನಿಸುತ್ತದೆ. ಎಎಫ್-ಸಿ ಅಥವಾ ಎಐ ಸರ್ವೋಗೆ ಬದಲಿಸಿ. ನಿಕಾನ್‌ನಲ್ಲಿ ಎಎಫ್-ಸಿಗೆ ರಿಲೀಸ್‌ಗೇ (ಫೋಕಸಿಗೆ ಕಾಯದೆ ಶಟರ್ ಬಿಡುವುದಕ್ಕೇ) ಆದ್ಯತೆ ಇರುವುದು ಮೊದಲಿನಿಂದಲೇ ಬರುವ ಸೆಟ್ಟಿಂಗ್. ಕೆಲವು ಚಿತ್ರ ಮಸುಕಾಗಬಹುದು, ಆದರೆ ಕ್ಷಣ ತಪ್ಪುವುದಿಲ್ಲ. ನನ್ನ ಮಟ್ಟಿಗೆ ಆಟದಲ್ಲಿ ಕ್ಷಣವೇ ಮುಖ್ಯ, ಮದುವೆಯ ಗುಂಪು ಚಿತ್ರದಲ್ಲಿ ಸ್ಪಷ್ಟತೆ ಮುಖ್ಯ. ಹಾಗಾಗಿ ಎರಡಕ್ಕೂ ಒಂದೇ ಸೆಟ್ಟಿಂಗ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಹಿಂಬದಿಯ ಪರದೆ ನೋಡಿಕೊಂಡು ತೆಗೆಯುವ ಅಭ್ಯಾಸ ಇದ್ದರೆ ಅದನ್ನೂ ಪರೀಕ್ಷಿಸಿ. ಹಳೆಯ ಡಿಎಸ್ಎಲ್ಆರ್‌ಗಳು ಲೈವ್ ವ್ಯೂನಲ್ಲಿ ಸೆನ್ಸರಿನ ಮೇಲಿನ ಕಾಂಟ್ರಾಸ್ಟ್ ಹುಡುಕಿ ಫೋಕಸ್ ಮಾಡುತ್ತವೆ. ಕಣ್ಣಿಟ್ಟು ನೋಡುವ ವ್ಯೂಫೈಂಡರಿಗಿಂತ ಅದು ಎಷ್ಟೋ ನಿಧಾನ. 2013ರ ಕ್ಯಾನನ್ 70ಡಿ ಡ್ಯುಯಲ್ ಪಿಕ್ಸೆಲ್ ಎಂಬ ಹೊಸ ಬಗೆಯ ಫೋಕಸ್ ತಂದ ಮೇಲೆ ಆ ಸಾಲಿನ ಕ್ಯಾಮೆರಾಗಳಲ್ಲಿ ಇದು ಸುಧಾರಿಸಿತು. ಅದಕ್ಕಿಂತ ಹಿಂದಿನದಾದರೆ ಕಣ್ಣನ್ನು ವ್ಯೂಫೈಂಡರಿಗೆ ತನ್ನಿ.

ಎಲ್ಲಕ್ಕಿಂತ ಖಚಿತ ಮದ್ದು ಎಂದರೆ ಆ ಹೊತ್ತಿಗೆ ಫೋಕಸ್ ಮಾಡುವ ಕೆಲಸವನ್ನೇ ಇಡದಿರುವುದು. ಕಂಬಳವನ್ನೇ ತೆಗೆದುಕೊಳ್ಳಿ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಸುದ್ದಿಯಾಯಿತಲ್ಲ, ಅಂದರೆ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. ನಿಮ್ಮ ಕ್ಯಾಮೆರಾ ಅರ್ಧ ಸೆಕೆಂಡು ತಡ ಮಾಡಿದರೆ ಕೋಣಗಳು ಐದು ಮೀಟರ್ ಮುಂದೆ. ಚಿತ್ರದಲ್ಲಿ ಉಳಿಯುವುದು ಕೆಸರು ನೀರು ಮಾತ್ರ. ಆದರೆ ಕರೆಯ (ಕೋಣ ಓಡುವ ಕೆಸರಿನ ದಾರಿಯ) ಉದ್ದಕ್ಕೂ ಬದಲಾಗದ ಗುರುತುಗಳಿವೆ. ಹಲಗೆಯಿಂದ ನೀರು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ ವಿಭಾಗದಲ್ಲಿ ನೀರು ಚಿಮ್ಮಬೇಕಾದ ನಿಶಾನೆ ಎಲ್ಲಿ ಕಟ್ಟಿದ್ದಾರೋ ಅಲ್ಲಿಗೆ ಮೊದಲೇ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುವಲ್‌ಗೆ ತಳ್ಳಿಬಿಡಿ. ಓಟದ ಕೋಣಗಳಿಗಾದರೆ ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಕರೆಯ ಬದಿಯ ಯಾವುದಾದರೂ ಕಂಬವನ್ನು ನೋಡಿಟ್ಟುಕೊಳ್ಳಿ. ಕೋಣಗಳು ಅಲ್ಲಿಗೆ ಬರುವ ಒಂದೆರಡು ಮೀಟರ್ ಮೊದಲೇ ಒತ್ತಬೇಕು. ಎಷ್ಟು ಮೊದಲು ಎಂಬುದಕ್ಕೆ ಮೇಲಿನ ಅಳತೆ ಇದೆ.

ಜನಸಂದಣಿಯ ನಡುವೆ, ಜಾತ್ರೆಯಲ್ಲಿ, ಅಗಲ ಲೆನ್ಸ್ ಹಾಕಿದ್ದರೆ ಇನ್ನೂ ಸುಲಭ. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನ) ಬಾಡಿಯಲ್ಲಿ 18 ಮಿಲಿಮೀಟರ್, ಎಫ್ 8 ಇಟ್ಟು ಎರಡು ಮೀಟರಿಗೆ ಫೋಕಸ್ ಮಾಡಿ ಬಿಟ್ಟರೆ ಸುಮಾರು ಒಂದು ಮೀಟರಿನಿಂದ ದೂರದ ಗೋಪುರದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. ಆಮೇಲೆ ಶಟರ್ ಯಾವುದಕ್ಕೂ ಕಾಯುವುದಿಲ್ಲ. ಬ್ಯಾಕ್ ಬಟನ್ ಫೋಕಸ್ ಹಾಕಿಕೊಂಡರೂ ಇದೇ ಲಾಭ: ಹೆಬ್ಬೆರಳಿನಲ್ಲಿ ಫೋಕಸ್, ತೋರುಬೆರಳಿನಲ್ಲಿ ಬರೀ ಕ್ಲಿಕ್.

ಫ್ಲಾಶ್, ರಂಗದ ದೀಪ

ಕೆಂಗಣ್ಣು ತಪ್ಪಿಸುವ ರೆಡ್ ಐ ಸೆಟ್ಟಿಂಗ್ ಚಿತ್ರಕ್ಕೆ ಮೊದಲು ದೀಪ ಬೆಳಗಿಸಿ ಕಣ್ಣಿನ ಪಾಪೆ ಕುಗ್ಗಲಿ ಎಂದು ಸುಮಾರು ಒಂದು ಸೆಕೆಂಡು ಕಾಯುತ್ತದೆ. ಮದುಮಕ್ಕಳು ಚಿತ್ರ ಆಯಿತೆಂದು ಮುಖ ತಿರುಗಿಸುವುದು ಸರಿಯಾಗಿ ಆಗಲೇ. ಇದನ್ನು ಕಾಯಂ ಆಫ್ ಮಾಡಿ, ಕೆಂಗಣ್ಣನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಬಾಡಿಯಲ್ಲೇ ಇರುವ ಫ್ಲಾಶ್ ಚಾರ್ಜ್ ಆಗುವವರೆಗೆ ಅನೇಕ ಕ್ಯಾಮೆರಾಗಳು ಶಟರನ್ನು ತಡೆಹಿಡಿಯುತ್ತವೆ. ಎರಡನೇ ಚಿತ್ರದಿಂದ ತಡ ಶುರುವಾದರೆ ಫ್ಲಾಶ್ ಮುಚ್ಚಿ ಪರೀಕ್ಷಿಸಿ. ಮೇಲೆ ಹಾಕುವ ಫ್ಲಾಶಿಗೆ ಅಂಗಡಿಯ ಮಾಮೂಲಿ ಸೆಲ್ ಬದಲು ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಹಾಕಿದರೆ ಚಾರ್ಜ್ ಬೇಗ ಆಗುತ್ತದೆ.

ಈಚಿನ ಕ್ಯಾಮೆರಾಗಳಲ್ಲಿ ಆ್ಯಂಟಿ ಫ್ಲಿಕರ್ ಇರುತ್ತದೆ. ಕ್ಯಾನನ್ ಇದನ್ನು 2014ರ 7ಡಿ ಮಾರ್ಕ್ 2ರಲ್ಲಿ ತಂದಿತು. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬೆಳಕು ತುದಿಗೇರುವ ಹೊತ್ತು ನೋಡಿ ಶಟರ್ ಬಿಡುವುದು ಇದರ ಕೆಲಸ. ಕಾಯುವುದು ಒಂದು ಮಿನುಗಿನಷ್ಟು, ಅಂದರೆ 0.01 ಸೆಕೆಂಡಿನ ಆಸುಪಾಸು. ತಡಕ್ಕೆ ಇದನ್ನು ದೂರಿ ಆಫ್ ಮಾಡಿದರೆ ಚಿತ್ರಗಳ ಬಣ್ಣ, ಬೆಳಕು ಒಂದರಂತೆ ಒಂದು ಬರುವುದಿಲ್ಲ. ಬಿಟ್ಟುಬಿಡಿ, ಇರಲಿ.

ಕಾರ್ಡ್

ಹೆಚ್ಚು ಹೇಳುವುದೇನಿಲ್ಲ. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) ಸುಮಾರು 25ರಿಂದ 30 ಎಂಬಿ. ಕ್ಲಾಸ್ 10 ಕಾರ್ಡ್ ಭರವಸೆ ಕೊಡುವುದು ಸೆಕೆಂಡಿಗೆ 10 ಎಂಬಿ, ವಿ30 ಕಾರ್ಡ್ 30 ಎಂಬಿ. ಚಿತ್ರಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಬಫರ್ ತುಂಬಿದ ಮೇಲೆ ಕ್ಯಾಮೆರಾ ಕಾರ್ಡಿನ ವೇಗಕ್ಕೆ ಇಳಿಯುತ್ತದೆ, ಅಷ್ಟೇ. ಜೆಪೆಗ್‌ಗೆ ಬದಲಿಸಿ ನೋಡಿ, ತಡ ಮಾಯವಾದರೆ ಕಾರ್ಡ್ ಬದಲಿಸಿ. ಒಂದು ಸೆಕೆಂಡಿಗಿಂತ ದೀರ್ಘವಾದ ಎಕ್ಸ್‌ಪೋಶರ್ ಆದಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನಿದ್ದರೆ ಅದು ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್. ದೋಷವಲ್ಲ.

ಬಟನ್ನಿನ ಒಳಗೆ

ಸೆಟ್ಟಿಂಗ್ ಎಲ್ಲ ಸರಿಯಿದ್ದು, ಮ್ಯಾನುವಲ್ ಫೋಕಸ್‌ನಲ್ಲೂ ತಡ ಉಳಿದರೆ, ಅದೂ ಒಮ್ಮೆ ಇದ್ದು ಒಮ್ಮೆ ಇಲ್ಲದಂತಿದ್ದರೆ, ನಮ್ಮ ಕರಾವಳಿಯ ಕಾಯಿಲೆಯನ್ನು ನೆನೆಯಬೇಕು. ಶಟರ್ ಬಟನ್ನಿನಡಿ ಎರಡು ಪುಟ್ಟ ಸಂಪರ್ಕಗಳಿವೆ: ಅರ್ಧ ಒತ್ತಿಗೆ ಒಂದು, ಪೂರ್ತಿ ಒತ್ತಿಗೆ ಇನ್ನೊಂದು. ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಎಷ್ಟೋ ಮಂದಿಯ ಕ್ಯಾಮೆರಾ ಚೀಲ ಕಪಾಟು ಸೇರುತ್ತದೆ. ಮಳೆಗಾಲ ಪೂರ್ತಿ ತೇವ, ಕಡಲ ಬದಿಯಾದರೆ ಉಪ್ಪುಗಾಳಿ ಬೇರೆ. ದೀಪಾವಳಿ ಕಳೆದು ತಿರುಗಾಟ ಶುರುವಾದಾಗ ಹೊರತೆಗೆದರೆ ಸಂಪರ್ಕದ ಮೇಲೆ ತೆಳ್ಳಗೆ ಕಿಲುಬು. ಲಕ್ಷಣ ಹೀಗಿರುತ್ತದೆ: ಅರ್ಧ ಒತ್ತಿದರೆ ಬೀಪ್ ಬರುವುದಿಲ್ಲ, ಗಟ್ಟಿಯಾಗಿ ಒತ್ತಿದರೆ ಬರುತ್ತದೆ. ಬೆರಳನ್ನು ಓರೆ ಮಾಡಿ ಒತ್ತಿದರೆ ಕೆಲಸ ಮಾಡುತ್ತದೆ. ಹತ್ತಾರು ಸಲ ಒತ್ತಿದ ಮೇಲೆ ಸರಿಯಾದಂತೆ ಅನಿಸಿ ಮರುದಿನ ಬೆಳಿಗ್ಗೆ ಮತ್ತೆ ಅದೇ.

ಖಚಿತಪಡಿಸಲು ತಂತಿಯ ರಿಮೋಟ್ ಒಂದು ಸಾಕು. ಅದು ಬಟನ್ನಿನ ಸಂಪರ್ಕವನ್ನು ಬಳಸದೆ ನೇರ ಬಾಡಿಗೆ ಸೂಚನೆ ಕೊಡುತ್ತದೆ. ರಿಮೋಟಿನಲ್ಲಿ ತಕ್ಷಣ ಕ್ಲಿಕ್, ಬಟನ್ನಿನಲ್ಲಿ ತಡ ಎಂದಾದರೆ ಬಟನ್ನೇ ಹಾಳು. ಎರಡರಲ್ಲೂ ಒಂದೇ ತಡ ಎಂದಾದರೆ ಲೆನ್ಸ್ ಕಳಚಿ ಹಿತ್ತಾಳೆ ಬಿಂದುಗಳಂತೆ ಕಾಣುವ ಸಂಪರ್ಕಗಳನ್ನು ಒಣ ಮೆದುಬಟ್ಟೆಯಲ್ಲಿ ಒರೆಸಿ, ಬೇರೆ ಲೆನ್ಸ್ ಹಾಕಿ ನೋಡಿ. ಲೆನ್ಸ್ ಬದಲಿಸಿದಾಗ ಸರಿಯಾದರೆ ತೊಂದರೆ ಲೆನ್ಸಿನದು. ಆಗಲೂ ಹೋಗದಿದ್ದರೆ ಕನ್ನಡಿ ಅಥವಾ ಶಟರ್ ಯಂತ್ರ. ಅದು ನಮ್ಮ ಕೈಯ ಕೆಲಸವಲ್ಲ.

ಬಟನ್ನಿನ ಸಂದಿಗೆ ತುಕ್ಕಿನ ಎಣ್ಣೆ ಸ್ಪ್ರೇ ಹೊಡೆಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಅದು ಒಳಗೆ ಹರಿದು ವ್ಯೂಫೈಂಡರಿಗೂ ಕನ್ನಡಿಗೂ ಹತ್ತಿದರೆ ಬಟನ್ನಿನ ತೊಂದರೆಯೇ ಲೇಸಾಗಿತ್ತು ಅನಿಸುತ್ತದೆ. ಮೇಲಿನ ಕವಚ ಬಿಚ್ಚುವುದಂತೂ ಕೂಡದು. ಫ್ಲಾಶಿನ ಕೆಪಾಸಿಟರ್ ಕ್ಯಾಮೆರಾ ಆಫ್ ಆದ ಮೇಲೂ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು.

ಮುಂದಿನ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ತೇವಮಾಪಕ ಇಟ್ಟುಕೊಳ್ಳಿ. ಮುಳ್ಳು 40ರಿಂದ 50 ಶೇಕಡದೊಳಗೆ ನಿಲ್ಲಬೇಕು. ನೀಲಿ ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ವಾರಕ್ಕೊಮ್ಮೆ ಹೊರತೆಗೆದು ಬಟನ್ ನಾಲ್ಕು ಸಲ ಒತ್ತಿದರೂ ಸಂಪರ್ಕಗಳಿಗೆ ಒಳ್ಳೆಯದು.

ರಿಪೇರಿಗೆ ಕೊಡುವಾಗ

ಇಲ್ಲಿಂದ ಹೆಚ್ಚಿನವರು ಹೋಗುವುದು ಮಂಗಳೂರಿಗೆ. ಬರೀ "ಸ್ಲೋ ಆಗಿದೆ" ಎಂದು ಹೇಳಿ ಕೊಟ್ಟು ಬಂದರೆ ಅವರು ಶುಚಿ ಮಾಡಿ, ಅಂಗಡಿಯ ಒಳ್ಳೆಯ ಬೆಳಕಿನಲ್ಲಿ ಒತ್ತಿ ನೋಡಿ, ಸರಿಯಿದೆ ಎಂದು ವಾಪಸು ಕೊಡುತ್ತಾರೆ. "ಬಟನ್ನಿನಲ್ಲಿ ತಡ, ರಿಮೋಟಿನಲ್ಲಿ ಇಲ್ಲ" ಎಂದು ಹೇಳಿ, ಸ್ಲೋ ಮೋಷನ್ ವಿಡಿಯೋ ತೋರಿಸಿ. ಸ್ವಿಚ್ ಶುಚಿಗೊಳಿಸುವ ಬದಲು ಹೊಸದೇ ಹಾಕಿಸುವುದು ಲೇಸು, ಶುಚಿ ಮಾಡಿದ್ದು ಇನ್ನೊಂದು ಮಳೆಗಾಲ ದಾಟುತ್ತದೆಂಬ ಭರವಸೆಯಿಲ್ಲ. ಕನ್ನಡಿ, ಶಟರ್ ಯಂತ್ರದ ಮಾತು ಬಂದರೆ ಮಾತ್ರ ಬಾಡಿಯ ಈಗಿನ ಸೆಕೆಂಡ್ ಹ್ಯಾಂಡ್ ಬೆಲೆ ಕೇಳಿ ತುಲನೆ ಮಾಡಿ.

ಆಗ ಹೊಸದರ ಯೋಚನೆ ಬಂದರೆ ತಪ್ಪಲ್ಲ. 2016ರ ಒಲಿಂಪಸ್ ಇ-ಎಂ1 ಮಾರ್ಕ್ 2ರಲ್ಲಿ ಬಂದ ಪ್ರೊ ಕ್ಯಾಪ್ಚರ್, ಬಟನ್ ಅರ್ಧ ಒತ್ತಿದಾಗಿನಿಂದಲೇ ಚಿತ್ರಗಳನ್ನು ನೆನಪಿನಲ್ಲಿ ಇಟ್ಟುಕೊಂಡು, ಪೂರ್ತಿ ಒತ್ತಿದ ಕ್ಷಣಕ್ಕೂ ಹಿಂದಿನದನ್ನು ಕೊಡುತ್ತದೆ. ನಿಕಾನ್ ಝಡ್9ಗೆ 2022ರಲ್ಲಿ ಫರ್ಮ್‌ವೇರ್ ಮೂಲಕ ಇಂಥದ್ದೇ ಬಂತು. ಆದರೆ ಬಟನ್ನಿನ ಕಿಲುಬಿಗೆ ಇಷ್ಟು ದೊಡ್ಡ ಖರ್ಚು ಬೇಡ.

ಕೊಡುವ ಮೊದಲು ಕಾರ್ಡ್, ಲೆನ್ಸ್, ಹೆಗಲಪಟ್ಟಿ ತೆಗೆದಿಟ್ಟು, ಬಾಡಿಯ ಸಂಖ್ಯೆ ಬರೆದ ರಶೀದಿ ಪಡೆಯಿರಿ. ವಾಪಸು ತರುವ ದಿನ ರಿಮೋಟ್ ಜೊತೆಗೆ ಒಯ್ಯಿರಿ. ಅಂಗಡಿಯಲ್ಲೇ ಎರಡರಿಂದಲೂ ಒತ್ತಿ, ಮೊಬೈಲಿನಲ್ಲಿ ಫ್ರೇಮ್ ಎಣಿಸಿ. ಎರಡರ ಲೆಕ್ಕವೂ ಹೆಚ್ಚುಕಡಿಮೆ ಸಮ ಬಂದರೆ ದುಡ್ಡು ಕೊಟ್ಟು ಬನ್ನಿ.